‘ದಪ್ಪ ಟಿಪ್’ ಅಂದರೆ ಅಗಲವೋ, ಎತ್ತರವೋ?

ಎಲ್ಲರಿಗೂ ನಮಸ್ಕಾರ.

ಸ್ನೂಕರ್ ಆಡಲು ಹೊಸದಾಗಿ ಬರುವ ಹುಡುಗರಿಗಾಗಿ ಕನ್ನಡದಲ್ಲಿ ಎರಡು ಪುಟ ಬರೆಯಲು ಕೂತಿದ್ದೇನೆ. ಕೋಲಿಗೆ ಎಷ್ಟು ಅಳತೆಯ ಟಿಪ್ ಹಾಕಿಸಬೇಕು, ಯಾಕೆ, ಇಷ್ಟೇ ವಿಷಯ. ಮೊದಲನೇ ಪ್ಯಾರಾದಲ್ಲೇ ‘ದಪ್ಪ’ ಅನ್ನುವ ಪದ ಕೈಕೊಟ್ಟಿತು. ನಿಮ್ಮ ಸಲಹೆ ಬೇಕು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೇಜಿನ ಮೇಲಿನ ಚೆಂಡುಗಳನ್ನು ಉದ್ದನೆಯ ಕೋಲಿನಿಂದ ಹೊಡೆದು ಆಡುವ ಆಟ ಸ್ನೂಕರ್. ಕೋಲಿನ ಮುಂದಿನ ಕೊನೆಗೆ ಹಿತ್ತಾಳೆಯ ಬಳೆ ಇರುತ್ತದೆ. ಅದರ ಮೇಲೆ ಚರ್ಮದ ಪುಟ್ಟ ಬಿಲ್ಲೆ ಅಂಟಿಸಿರುತ್ತಾರೆ. ಅದೇ ಟಿಪ್. ಚೆಂಡಿಗೆ ತಾಗಬೇಕಾದದ್ದು ಅದೊಂದೇ. ಸ್ನೂಕರ್ ಚೆಂಡಿನ ಅಡ್ಡಳತೆ 52.5 ಮಿಲಿಮೀಟರ್. ಟಿಪ್ ಸಾಮಾನ್ಯವಾಗಿ 9ರಿಂದ 10 ಮಿ.ಮೀ., ಅದರಲ್ಲೂ 9.5 ಜಾಸ್ತಿ ಬಳಕೆಯಲ್ಲಿದೆ. ಅಮೆರಿಕದ ಪೂಲ್ ಆಟದಲ್ಲಿ ಚೆಂಡೂ ದೊಡ್ಡದು, ಟಿಪ್ಪೂ 12–13ರದು. ಟಿಪ್ ಚಿಕ್ಕದಾದರೆ ಚೆಂಡಿನ ಇಂಥ ಜಾಗಕ್ಕೇ ಅಂತ ಗುರಿಯಿಟ್ಟು ಹೊಡೆಯಬಹುದು, ಚೆಂಡನ್ನು ಚೆನ್ನಾಗಿ ತಿರುಗಿಸಬಹುದು. ಆದರೆ ಕೈ ಒಂಚೂರು ಅಲುಗಿದರೂ ಬೇಡದ ತಿರುಗು ಬಂದುಬಿಡುತ್ತದೆ. ದೊಡ್ಡದಾದರೆ ಸಣ್ಣಪುಟ್ಟ ತಪ್ಪು ಅಷ್ಟಾಗಿ ಕಾಡುವುದಿಲ್ಲ. ಹೊಸಬರಿಗೆ 9.5 ಅಥವಾ 10 ಸಾಕು ಅಂತ ನನ್ನ ಅಭಿಪ್ರಾಯ.

ಈಗ ಪದದ ವಿಷಯ. ನಾಲ್ಕೈದು ವರ್ಷದ ಹಿಂದೆ ಒಂದು ಅಂಗಡಿಗೆ ಫೋನ್ ಮಾಡಿ, ‘ಈಗಿರೋ 9ರದು ಸಣ್ಣ ಆಯ್ತು, ಇನ್ನೂ ಸ್ವಲ್ಪ ದಪ್ಪದ್ದು ಕಳಿಸಿ’ ಅಂದಿದ್ದೆ. ಬಂದ ಟಿಪ್ಪೂ 9ರದೇ. ಆದರೆ ಚರ್ಮ ಮಾತ್ರ ಮೊದಲಿನದಕ್ಕಿಂತ ಎತ್ತರ! ನನ್ನ ಕೋಲಿನ ಬಳೆ 9.5. ಬಿಲ್ಲೆಯನ್ನು ಅದರ ಮೇಲಿಟ್ಟು ನೋಡಿದರೆ ಸುತ್ತಲೂ ಹಿತ್ತಾಳೆಯ ಗೆರೆ ಮಿಂಚುತ್ತಿತ್ತು. ಹಾಗೇ ಆಡಿದರೆ ಒಂದಲ್ಲ ಒಂದು ಸಲ ಲೋಹ ಚೆಂಡಿಗೆ ತಾಗುವುದು ಖಂಡಿತ. ಅಂಗಡಿಯವರದು ತಪ್ಪಲ್ಲ. ನಾನು ಆಡಿದ ಕನ್ನಡವೂ ತಪ್ಪಲ್ಲ. ಹಾಗಾದರೆ ಎಡವಿದ್ದು ಎಲ್ಲಿ?

ಯೋಚಿಸಿದಾಗ ನನಗೆ ಹೊಳೆದದ್ದು ಇದು. ಕೋಲು, ಹಗ್ಗ, ಮರದ ಕಾಂಡ ಇವಕ್ಕೆ ದಪ್ಪ ಅಂದರೆ ಸುತ್ತಳತೆ. ರೊಟ್ಟಿ, ರಟ್ಟು, ಕಂಬಳಿಗೆ ದಪ್ಪ ಅಂದರೆ ಮೇಲಿನಿಂದ ಕೆಳಗಿನ ಅಳತೆ. ಎದುರು ಪದ ಹಾಕಿ ನೋಡಿ, ಇನ್ನೂ ಚೆನ್ನಾಗಿ ತಿಳಿಯುತ್ತದೆ. ದಪ್ಪ ಕೋಲು, ಸಣ್ಣ ಕೋಲು. ದಪ್ಪ ರೊಟ್ಟಿ, ತೆಳು ರೊಟ್ಟಿ. ‘ತೆಳು ಕೋಲು’ ಅಂತ ನಮ್ಮ ಕಡೆ ಯಾರೂ ಅನ್ನುವುದಿಲ್ಲ. ‘ಸಣ್ಣ ರೊಟ್ಟಿ’ ಅಂದರೆ ಬೇರೆಯೇ ಅರ್ಥ. ಟಿಪ್ ಅನ್ನುವುದು ಕೋಲಿನ ಭಾಗವೂ ಹೌದು, ರೊಟ್ಟಿಯ ಹಾಗೆ ಬಿಲ್ಲೆಯೂ ಹೌದು. ನಾನು ಕೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದೆ. ಅವರು ಬಿಲ್ಲೆಯನ್ನು ಕೈಯಲ್ಲಿಟ್ಟುಕೊಂಡು ಕೇಳಿಸಿಕೊಂಡರು.

‘ವ್ಯಾಸ’ ಅಂತ ಬರೆದರೆ ಗೊಂದಲ ಇಲ್ಲ, ನಿಜ. ಆದರೆ ಅದು ಗಣಿತದ ಪುಸ್ತಕ ಬಿಟ್ಟು ಹೊರಗೆ ಬಂದಿಲ್ಲ. ಬಳೆ ಅಂಗಡಿಯಲ್ಲಿ ‘ಎರಡು ನಾಲ್ಕು ಕೊಡಿ, ಎರಡು ಆರು ಕೊಡಿ’ ಅನ್ನುತ್ತೇವೆ ಅಲ್ವಾ? ಎರಡು ನಾಲ್ಕು ಅಂದರೆ ಬಳೆಯ ಒಳಗಿನ ಅಡ್ಡಳತೆ ಎರಡು ಇಂಚು, ಮೇಲೆ ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ. ವ್ಯಾಸ ಅನ್ನುವ ಮಾತೇ ಇಲ್ಲದೆ ದಿನವೂ ವ್ಯಾಸದ ವ್ಯಾಪಾರ ನಡೆಯುತ್ತಿದೆ.

ಹಾಗಾಗಿ ನನ್ನ ಒಲವು ‘ಅಗಲ’ದ ಕಡೆಗೆ. ದುಂಡಗಿನ ವಸ್ತುವಿಗೆ ಅಗಲ ಒಗ್ಗುತ್ತಾ ಅಂತ ಗೆಳೆಯರೊಬ್ಬರು ಕೇಳಿದರು. ‘ಕಾಸಗಲ ಕುಂಕುಮ’ ಅನ್ನುವುದಿಲ್ಲವೇ? ದುಂಡಗಿದ್ದು, ಚಿಕ್ಕದಾಗಿದ್ದು, ಅಗಲದಲ್ಲೇ ಅಳೆಯುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಗಲಿಲ್ಲ. ಚರ್ಮದ ಇನ್ನೊಂದು ಅಳತೆಗೆ ‘ಎತ್ತರ’. ಆಡುತ್ತ ಆಡುತ್ತ ಟಿಪ್ ಸವೆದು ಗಿಡ್ಡ ಆಗುತ್ತದೆ, ಆದ್ದರಿಂದ ಎತ್ತರ ಸಹಜವಾಗಿಯೇ ಕೂರುತ್ತದೆ. ‘ದಪ್ಪ’ವನ್ನು ಈ ಎರಡು ಪುಟದಲ್ಲಿ ಎಲ್ಲೂ ಬಳಸಬಾರದು ಅಂತ ತೀರ್ಮಾನಿಸಿದ್ದೇನೆ.

ಟಿಪ್‌ಗೆ ‘ಮೊನೆ’ ಅನ್ನಬಹುದಾ? ಬೇಡ ಅನ್ನಿಸುತ್ತದೆ. ಮೊನೆ ಅಂದರೆ ಚುಚ್ಚಬೇಕು. ಇದು ಉಬ್ಬಿದ, ಮೆತ್ತನೆಯ ಚರ್ಮ. ‘ತುದಿ’ ಅಂದರೆ ಕೋಲಿನ ತುದಿಯೋ ಬಿಲ್ಲೆಯೋ ತಿಳಿಯದು. ಟಿಪ್ ಅಂತಲೇ ಇರಲಿ. ಕೋಲನ್ನು ಮಾತ್ರ ಕೋಲು ಅಂತಲೇ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಈ ಕೋಲಿಗೆ ‘ಕ್ಯೂ’ ಅನ್ನುತ್ತಾರೆ, ಆದರೆ ‘ಕ್ಯೂ’ ಅಂದರೆ ನಮ್ಮಲ್ಲಿ ರೇಷನ್ ಅಂಗಡಿಯ ಸಾಲು. ಆ ಕ್ಯೂ, ಈ ಕ್ಯೂ ಎರಡಕ್ಕೂ ಮೂಲ ಬಾಲ ಅನ್ನುವ ಅರ್ಥದ ಒಂದೇ ಫ್ರೆಂಚ್ ಪದ. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆಯಾಯಿತು, ಕನ್ನಡ ಲಿಪಿಗೆ ಬಂದು ಮತ್ತೆ ಒಂದಾಯಿತು.

ಆ ಹಿತ್ತಾಳೆ ಬಳೆಗೆ ಮಾತ್ರ ನಮ್ಮಲ್ಲೇ ಚಿನ್ನದಂಥ ಪದ ಇದೆ: ಅಣಸು. ಅಜ್ಜಿ ಮನೆಯ ಒನಕೆಯ ತುದಿಗೆ ಕಬ್ಬಿಣದ ಅಣಸು ಇತ್ತು. ಕುಟ್ಟಿ ಕುಟ್ಟಿ ಅದರ ಅಂಚು ಕನ್ನಡಿಯ ಹಾಗೆ ನುಣುಪಾಗಿತ್ತು. ಮರ ಸೀಳದಿರಲಿ ಅಂತ ಅದನ್ನು ಹಾಕುತ್ತಿದ್ದರು. ಸ್ನೂಕರ್ ಕೋಲಿನ ಬಳೆಯದೂ ಅದೇ ಕೆಲಸ. ಆಗ ಮುಖ್ಯವಾದ ಸಾಲು ಹೀಗೆ ಬರುತ್ತದೆ: ‘ಮೊದಲು ಅಣಸಿನ ಅಗಲ ಅಳೆಯಿರಿ. ಟಿಪ್ ಅಷ್ಟೇ ಅಗಲ ಇರಲಿ, ಇಲ್ಲವೇ ಅರ್ಧ ಮಿಲಿಮೀಟರ್ ಜಾಸ್ತಿ ಇರಲಿ. ಅಂಟು ಒಣಗಿದ ಮೇಲೆ ಕೋಲನ್ನು ತಲೆಕೆಳಗಾಗಿ ಹಲಗೆಯ ಮೇಲೆ ಒತ್ತಿ ಹಿಡಿದು, ಹೊರಚಾಚಿದ ಚರ್ಮವನ್ನು ಬ್ಲೇಡಿನಿಂದ ಸುತ್ತಲೂ ಕತ್ತರಿಸಿ, ಉಪ್ಪುಕಾಗದದಿಂದ ಉಜ್ಜಿ.’

1875ರಲ್ಲಿ ಜಬಲ್ಪುರದಲ್ಲಿ ಹುಟ್ಟಿದ ಆಟ ಇದು. 2003ರಲ್ಲಿ ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್ ಆದರು. ಇದರ ಮಾತು ಕನ್ನಡದಲ್ಲೂ ಇರಲಿ ಅನ್ನುವ ಆಸೆ ನನಗೆ ಬಹಳ.

ನಿಮ್ಮಲ್ಲಿ ಕೇಳುವುದು ಎರಡು. ಧಾರವಾಡ, ಮಂಗಳೂರು, ಬಳ್ಳಾರಿ ಕಡೆಯವರು ‘ದಪ್ಪ ಟಿಪ್’ ಅಂದರೆ ಮೊದಲು ಏನು ಅಂದುಕೊಳ್ಳುತ್ತೀರಿ? ಮತ್ತೆ, ಅಣಸು ಅನ್ನುವ ಪದ ನಿಮ್ಮ ಮನೆಯಲ್ಲಿ ಈಗಲೂ ಕೇಳಿಬರುತ್ತದೆಯೇ? ಇಲ್ಲವಾದರೆ ಒನಕೆ, ಊರುಗೋಲು, ಸಲಿಕೆಯ ಹಿಡಿ ಇವಕ್ಕೆ ಹಾಕುವ ಬಳೆಗೆ ಏನಂತೀರಿ? ಆ ಒಂದು ಜಾಗ ಖಾಲಿ ಬಿಟ್ಟಿದ್ದೇನೆ.