ಎಸ್‌ಡಿಎಸ್011 ಧೂಳಿನ ಸೆನ್ಸರ್ ಬೆಳಗಿನ ಜಾವ ಎರಡೂವರೆ ಪಟ್ಟು ತೋರಿಸುತ್ತಿದೆ: ತೇವಾಂಶವೋ, ಜೋಡಣೆಯ ದೋಷವೋ?

ಗಾಳಿಗೋಪುರ:

ಎಲ್ಲರಿಗೂ ನಮಸ್ಕಾರ. ಬಡಾವಣೆಯ ಹತ್ತು ಕಡೆ ಪಿಎಂ2.5 (ಗಾಳಿಯಲ್ಲಿ ತೇಲುವ, 2.5 ಮೈಕ್ರಾನ್‌ವರೆಗಿನ ಸಣ್ಣ ಕಣ) ಅಳೆಯುವ ಪೆಟ್ಟಿಗೆ ಕೂರಿಸಿದ್ದೇವೆ. ಒಳಗಿರುವುದು ನೋಡ್‌ಎಂಸಿಯು ಇಎಸ್‌ಪಿ8266 ಬೋರ್ಡ್, ಎಸ್‌ಡಿಎಸ್011 ಧೂಳಿನ ಸೆನ್ಸರ್, ತಾಪ ಮತ್ತು ತೇವಾಂಶಕ್ಕೆ ಬಿಎಂಇ280. ಫರ್ಮ್‌ವೇರ್ ಸೆನ್ಸರ್ ಕಮ್ಯುನಿಟಿ ಅನ್ನುವ ನಾಗರಿಕ ಜಾಲದ್ದು, 145 ಸೆಕೆಂಡಿಗೊಂದು ರೀಡಿಂಗ್.

ಮಧ್ಯಾಹ್ನದ ಹೊತ್ತು ಹತ್ತಿರದ ಸರ್ಕಾರಿ ಮಾಪನ ಕೇಂದ್ರಕ್ಕೂ ನಮಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಬೆಳಗಿನ ಜಾವ ಮಾತ್ರ ಕೇಂದ್ರ ಘನ ಮೀಟರಿಗೆ 70 ಮೈಕ್ರೊಗ್ರಾಂ ಅಂದರೆ ನಮ್ಮದು 180 ಅನ್ನುತ್ತೆ. ಆಗ ಬಿಎಂಇ280 ತೋರಿಸುವ ತೇವಾಂಶ 88%. ಕೇಳಬೇಕಿರುವುದು ಇಷ್ಟು:

0.524ರಿಂದ ಗುಣಿಸುವ ತಿದ್ದುಪಡಿ ಸೂತ್ರವೊಂದು ಎಲ್ಲ ಕಡೆ ಓಡಾಡುತ್ತಿದೆ, ಅದನ್ನೇ ಹಾಕಿಬಿಡಬಹುದಾ? ಹತ್ತರಲ್ಲಿ ಒಂದು ಪೆಟ್ಟಿಗೆ ಹಗಲೂ ರಾತ್ರಿ ಉಳಿದವಕ್ಕಿಂತ ಮೂರನೇ ಒಂದು ಭಾಗ ಕಡಿಮೆ ತೋರಿಸುತ್ತೆ, ಯಾಕೆ? ವಾಹನಗಳ ನೈಟ್ರೋಜನ್ ಡೈಆಕ್ಸೈಡ್‌ಗೆ ಎಂಕ್ಯೂ-135 ಅನಿಲ ಸೆನ್ಸರ್ ಸೇರಿಸುವ ಯೋಚನೆ ಇದೆ, ಸರಿಯಾ? ಜೊತೆಗೆ ಮೈಕ್ ಹಾಕಿ ಶಬ್ದವನ್ನೂ ಅಳೆಯಬೇಕೆಂದಿದೆ.

ಅಂಕಿಕೋವಿದ:

ಬೆಳಗಿನ ಜಾವದ್ದು ಬಹುಪಾಲು ತೇವಾಂಶದ ಕೆಲಸವೇ. ಈ ಸೆನ್ಸರ್ ಧೂಳನ್ನು ತೂಗುವುದಿಲ್ಲ. ಲೇಸರ್ ಬೆಳಕು ಕಣಕ್ಕೆ ಬಡಿದು ಎಷ್ಟು ಚದುರಿತು ಅಂತ ನೋಡಿ ತೂಕವನ್ನು ಅಂದಾಜು ಮಾಡುತ್ತೆ. ತೇವಾಂಶ ಏರಿದಾಗ ಸಲ್ಫೇಟ್, ನೈಟ್ರೇಟ್, ಉಪ್ಪಿನ ಕಣಗಳು ನೀರು ಹೀರಿ ಉಬ್ಬುತ್ತವೆ. ಉಬ್ಬಿದ ಕಣ ಹೆಚ್ಚು ಬೆಳಕು ಚದುರಿಸುತ್ತೆ. ಸರ್ಕಾರಿ ಕೇಂದ್ರದ ಬೀಟಾ ಕಿರಣದ ಯಂತ್ರ ಗಾಳಿಯನ್ನು ಒಳಗೆಳೆಯುವಾಗಲೇ ಬಿಸಿ ಮಾಡಿ ತೇವ ತಗ್ಗಿಸಿಕೊಳ್ಳುತ್ತೆ. ನೀವು ನೀರನ್ನೂ ಸೇರಿಸಿ ಅಳೆಯುತ್ತಿದ್ದೀರಿ, ಅವರು ಒಣಗಿದ್ದನ್ನು ಅಳೆಯುತ್ತಿದ್ದಾರೆ. ಎಸ್‌ಡಿಎಸ್011ರ ಡೇಟಾಶೀಟೇ ಕೆಲಸದ ತೇವಾಂಶದ ಮಿತಿ 70% ಅನ್ನುತ್ತೆ.

0.524ರ ಸೂತ್ರವನ್ನು ಕಣ್ಣುಮುಚ್ಚಿ ಹಾಕಬೇಡಿ. ಅದರ ಪೂರ್ತಿ ರೂಪ ಹೀಗಿದೆ:

ತಿದ್ದಿದ ಪಿಎಂ2.5 = 0.524 × ಸೆನ್ಸರ್ ರೀಡಿಂಗ್ − 0.0862 × ತೇವಾಂಶ + 5.75

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯವರು ಪರ್ಪಲ್‌ಏರ್ ಕಂಪನಿಯ ಧೂಳು ಅಳೆಯುವ ಪೆಟ್ಟಿಗೆಗಳಿಗೆಂದು ಕಟ್ಟಿ 2021ರಲ್ಲಿ ಪ್ರಕಟಿಸಿದ್ದು ಇದು. ಅದರೊಳಗಿರುವುದು ಪಿಎಂಎಸ್5003, ನಿಮ್ಮದು ಎಸ್‌ಡಿಎಸ್011. ಸೆನ್ಸರೂ ಬೇರೆ, ಗಾಳಿಯೂ ಬೇರೆ. ನಿಮ್ಮ 180ಕ್ಕೆ ಹಾಕಿದರೆ 92 ಬರುತ್ತೆ. ನೋಡಲು ಸುಧಾರಿಸಿದ ಹಾಗೆ ಕಾಣುತ್ತೆ, ಆದರೆ ನಿಮ್ಮ ಸರಿಯಾಗಿರುವ ಮಧ್ಯಾಹ್ನದ ರೀಡಿಂಗ್‌ಗಳನ್ನು ಇದೇ ಸೂತ್ರ ಹಾಳು ಮಾಡುತ್ತೆ.

ನಿಮಗೆ ಹೆಚ್ಚು ಹೊಂದುವುದು ಕಣದ ಉಬ್ಬುವಿಕೆಯನ್ನೇ ಲೆಕ್ಕ ಹಾಕುವ ದಾರಿ. ತೇವಾಂಶವನ್ನು ಭಿನ್ನರಾಶಿಯಾಗಿ ಬರೆದುಕೊಳ್ಳಿ, 88% ಅಂದರೆ 0.88. ಆಮೇಲೆ

ಭಾಜಕ = 1 + (ಕಪ್ಪಾ ÷ 1.65) ÷ (1 ÷ ತೇವಾಂಶ − 1)

ಕಪ್ಪಾ ಅಂದರೆ ಕಣ ಎಷ್ಟು ನೀರು ಹೀರುತ್ತೆ ಅನ್ನುವ ಗುಣಾಂಕ. ಮೊದಲ ಅಂದಾಜಿಗೆ 0.4 ಇಟ್ಟುಕೊಳ್ಳಿ. ಹೊಸ ಮಸಿಗೆ ಇದು ತುಂಬಾ ಕಡಿಮೆ, ಸಮುದ್ರದ ಉಪ್ಪಿಗೆ ಜಾಸ್ತಿ. 88%ಗೆ ಭಾಜಕ 2.78. 180 ÷ 2.78 = 65. ಕೇಂದ್ರದ 70ಕ್ಕೆ ಹತ್ತಿರ ಬಂತು.

ಆದರೆ ಹಿಗ್ಗಬೇಡಿ. ಬಿಎಂಇ280ರ ತೇವಾಂಶದಲ್ಲೇ ±3% ತಪ್ಪಿರಬಹುದು. ನಿಜವಾದ ತೇವಾಂಶ 85% ಆಗಿದ್ದರೆ ಉತ್ತರ 76, 91% ಆಗಿದ್ದರೆ 52! 90% ದಾಟಿದ ಮೇಲೆ ಈ ಭಾಜಕ ಲಂಗುಲಗಾಮಿಲ್ಲದೆ ಏರುತ್ತೆ, 95%ಗೆ 5.6 ಆಗುತ್ತೆ. ಹಾಗಾಗಿ 90% ಮೇಲಿನ ರೀಡಿಂಗ್‌ಗಳನ್ನು ತಿದ್ದಲು ಹೋಗದೆ ಗುರುತು ಹಾಕಿ ಪಕ್ಕಕ್ಕಿಡಿ. ತಿದ್ದಿದ ಅಂಕಿಯನ್ನು ದಶಾಂಶ ಸಮೇತ ನಕ್ಷೆ ಮೇಲೆ ಹಾಕುವುದಂತೂ ಬೇಡವೇ ಬೇಡ. ಮೂಲ ರೀಡಿಂಗನ್ನು ಯಾವತ್ತೂ ಅಳಿಸಬೇಡಿ, ತಿದ್ದಿದ್ದನ್ನು ಪಕ್ಕದ ಕಾಲಂನಲ್ಲಿ ಬರೆಯಿರಿ. ನಾಳೆ ಕಪ್ಪಾ ಬದಲಿಸಬೇಕಾದರೆ ಹಳೆಯದು ಬೇಕು.

ಇನ್ನೊಂದು ಮಾತು: ಬಿಎಂಇ280 ಬೋರ್ಡಿಗೆ ಅಂಟಿಕೊಂಡಂತಿದ್ದರೆ ಅದರ ಬಿಸಿಗೆ ತೇವಾಂಶ ಕಡಿಮೆ ತೋರಿಸುತ್ತೆ. ಒಂದು ಡಿಗ್ರಿ ಬಿಸಿಗೆ, ನಿಮ್ಮ 88ರ ಆಸುಪಾಸಿನಲ್ಲಿ, ಸುಮಾರು 5 ಅಂಶ ಇಳಿಯುತ್ತೆ. ಸೆನ್ಸರ್ ಗಾಳಿ ಎಳೆಯುವ ಕೊಳವೆಯ ಬಾಯಿಯ ಹತ್ತಿರ, ಬೋರ್ಡಿನಿಂದ ಕೆಳಗೆ, ಬಿಸಿಲು ತಾಗದ ಹಾಗೆ ಇಳಿಬಿಡಿ.

ತಂತಿಬೆಸುಗೆ:

ಕಡಿಮೆ ತೋರಿಸುವ ಪೆಟ್ಟಿಗೆಗೆ ಮಲ್ಟಿಮೀಟರ್ ಹಿಡಿದು ಹೋಗಿ. ಫ್ಯಾನ್ ತಿರುಗುತ್ತಿರುವಾಗಲೇ ಎಸ್‌ಡಿಎಸ್011ರ 5 ವೋಲ್ಟ್ ಪಿನ್ ಮತ್ತು ಗ್ರೌಂಡ್ ನಡುವೆ ನೋಡಿ. ಅಡಾಪ್ಟರ್ ಹತ್ತಿರ ನೋಡಿದರೆ ಏನೂ ಗೊತ್ತಾಗಲ್ಲ. ಇದಕ್ಕೆ ಬೇಕಿರುವುದು 4.7ರಿಂದ 5.3 ವೋಲ್ಟ್. ತೆಳು ತಂತಿಯ ಉದ್ದ ಯುಎಸ್‌ಬಿ ಕೇಬಲ್ಲಿನಲ್ಲಿ, ವೈಫೈ ಕಳಿಸುವ ಗಳಿಗೆಯಲ್ಲಿ, ವೋಲ್ಟೇಜ್ 4.5ಕ್ಕೆ ಕುಸಿಯುವುದು ಹೊಸತೇನಲ್ಲ. ಫ್ಯಾನ್ ನಿಧಾನವಾದರೆ ಗಾಳಿ ಕಡಿಮೆ, ರೀಡಿಂಗೂ ತಪ್ಪು. ಕೇಬಲ್ ಗಿಡ್ಡ ಮಾಡಿ ಇಲ್ಲವೇ ದಪ್ಪದ್ದು ಹಾಕಿ, ಅಡಾಪ್ಟರ್ ಕನಿಷ್ಠ 1 ಆಂಪಿಯರ್‌ದು ಇರಲಿ.

ವೋಲ್ಟೇಜ್ ಸರಿಯಿದ್ದರೆ ಕೊಳವೆ ಬಿಚ್ಚಿ. ಜೇಡ ಬಲೆ ಕಟ್ಟಲು 6 ಮಿಲಿಮೀಟರ್ ಕೊಳವೆಗಿಂತ ಒಳ್ಳೆ ಜಾಗ ಇಲ್ಲ, ಬಹಳ ಪೆಟ್ಟಿಗೆಗಳ ರೋಗ ಇದೇ. ಮಡಿಚಿದ ಕೊಳವೆಯೂ ಇದೇ ಲಕ್ಷಣ ತೋರಿಸುತ್ತೆ. 20 ಸೆಂಟಿಮೀಟರ್ ಒಳಗಿರಲಿ, ಪಾರದರ್ಶಕ ಬೇಡ, ಕಪ್ಪು ಬಣ್ಣದ್ದು ಹಾಕಿ. ಹುಳ ತಡೆಯುವ ಜಾಲರಿಯನ್ನು ಹೊರಗಿನ ಪೈಪಿನ ಬಾಯಿಗೆ ಕಟ್ಟಿ. ಕೊಳವೆಯ ತುದಿಗೇ ಕಟ್ಟಿದರೆ ಧೂಳು ಜಾಲರಿಯಲ್ಲೇ ನಿಲ್ಲುತ್ತೆ.

ಬೇರೆ ಕಡೆ ಫರ್ಮ್‌ವೇರ್ ಬರೆದುಕೊಂಡು ಲೇಸರನ್ನು ಸದಾ ಉರಿಸುವವರಿಗೆ ಒಂದು ಮಾತು: ಲೇಸರ್ ಆಯುಷ್ಯ 8000 ಗಂಟೆ, ಅಂದರೆ ಬರೀ 333 ದಿನ. ನೀವು ಬಳಸುತ್ತಿರುವ ಫರ್ಮ್‌ವೇರ್ 15 ಸೆಕೆಂಡು ಫ್ಯಾನ್ ತಿರುಗಿಸಿ, 5 ಸೆಕೆಂಡು ಓದಿ, ಮಲಗಿಸುತ್ತೆ. ಹೀಗಾದರೆ ಲೇಸರ್ ಆರು ವರ್ಷಕ್ಕೂ ಮೇಲೆ ಬರುತ್ತೆ. ಅಷ್ಟರೊಳಗೆ ಫ್ಯಾನ್ ಬೇರಿಂಗೇ ಕಿರುಗುಟ್ಟಲು ಶುರುವಾಗಿರುತ್ತೆ.

ರಸಾಯನಪ್ರಿಯ:

ಎಂಕ್ಯೂ-135 ಬೇಡ. ಬಿಸಿ ಮಾಡಿದ ತವರದ ಆಕ್ಸೈಡಿನ ಸೆನ್ಸರ್ ಅದು. ಅಮೋನಿಯಾ, ಆಲ್ಕೊಹಾಲ್ ಆವಿ, ಹೊಗೆ ಎಲ್ಲದಕ್ಕೂ ಸ್ಪಂದಿಸುತ್ತೆ, ತಾಪ ತೇವಾಂಶಕ್ಕೂ ಅಲುಗಾಡುತ್ತೆ. ಅದರ ಅಂಕಿಗೆ ಯಾವ ಅನಿಲದ ಹೆಸರಿಟ್ಟರೂ ಸುಳ್ಳೇ. ಹೀಟರ್ ಒಂದೇ 800 ಮಿಲಿವ್ಯಾಟ್‌ವರೆಗೆ ತಿನ್ನುತ್ತೆ, ಪೆಟ್ಟಿಗೆಯೊಳಗಿನ ತೇವಾಂಶದ ಅಳತೆಯೂ ಕೆಡುತ್ತೆ.

ನೈಟ್ರೋಜನ್ ಡೈಆಕ್ಸೈಡ್‌ಗೆ ನಾಗರಿಕ ಗುಂಪುಗಳಿಗೆ ಒಗ್ಗುವುದು ಡಿಫ್ಯೂಷನ್ ಟ್ಯೂಬ್. ಸುಮಾರು 7 ಸೆಂಟಿಮೀಟರ್ ಪ್ಲಾಸ್ಟಿಕ್ ನಳಿಕೆ, ಮುಚ್ಚಿದ ತುದಿಯಲ್ಲಿ ಟ್ರೈಎಥನಾಲಮೀನ್ ಸವರಿದ ಲೋಹದ ಜಾಲರಿ. ಕರೆಂಟ್ ಬೇಡ, ವೈಫೈ ಬೇಡ. ತೆರೆದ ಬಾಯಿ ಕೆಳಗೆ ಮಾಡಿ ಎರಡರಿಂದ ನಾಲ್ಕು ವಾರ ಕಂಬಕ್ಕೆ ಕಟ್ಟಿ, ಮುಚ್ಚಿ ಪ್ರಯೋಗಾಲಯಕ್ಕೆ ಕಳಿಸುವುದು. ಸಿಗುವುದು ಆ ಅವಧಿಯ ಒಂದೇ ಸರಾಸರಿ, ಗಂಟೆಗಂಟೆಯ ಏರಿಳಿತ ಸಿಗಲ್ಲ. ಆದರೆ ಯಾವ ರಸ್ತೆ ಯಾವುದಕ್ಕಿಂತ ಕೆಟ್ಟದ್ದು ಅನ್ನುವುದಕ್ಕೆ ಅಷ್ಟು ಸಾಕು. ಪ್ರತಿ ಬ್ಯಾಚಿನಲ್ಲೂ ಒಂದು ನಳಿಕೆ ಮುಚ್ಚಿದ್ದು ಮುಚ್ಚಿದ ಹಾಗೇ ಇರಲಿ, ಅದೇ ನಿಮ್ಮ ಸೊನ್ನೆ. ಒಂದು ಜಾಗದಲ್ಲಾದರೂ ಮೂರು ನಳಿಕೆ ಒಟ್ಟಿಗೆ ಕಟ್ಟಿ. ಮೂರರ ನಡುವಿನ ಅಂತರವೇ ನಿಮ್ಮ ಅಳತೆಯ ತಪ್ಪಿನ ಗಾತ್ರ.

ಗಾಳಿಗೋಪುರ:

ಎಲ್ಲರಿಗೂ ಧನ್ಯವಾದ. 4.4 ವೋಲ್ಟ್ ಬಂತು, ಕೇಬಲ್ ಬದಲಾಯಿಸುತ್ತೇವೆ. ಸರ್ಕಾರಿ ಕೇಂದ್ರದ ಚಾವಣಿ ಮೇಲೆ ನಮ್ಮ ಪೆಟ್ಟಿಗೆ ಇಡಲು ಅನುಮತಿ ಸಿಗುವ ಹಾಗಿಲ್ಲ. ಹಾಗಾದರೆ ಹೊಂದಾಣಿಕೆ ಹೇಗೆ?

ಅಂಕಿಕೋವಿದ:

ಮೊದಲು ಹತ್ತೂ ಪೆಟ್ಟಿಗೆಯನ್ನು ಒಂದೇ ಜಾಗದಲ್ಲಿ ಸಾಲಾಗಿ ಕಟ್ಟಿ ಒಂದು ವಾರ ಓಡಿಸಿ. ಗಂಟೆಯ ಮಧ್ಯಾಂಕ (ರೀಡಿಂಗ್‌ಗಳನ್ನು ಏರಿಕೆ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಅಂಕಿ) ತೆಗೆದು, ಹತ್ತರ ಮಧ್ಯಾಂಕಕ್ಕೆ ಹೋಲಿಸಿ. 10% ಆಚೆ ಹೋಗುವುದನ್ನು ಬಿಚ್ಚಿ ನೋಡಿ. ಸರಾಸರಿ ಬೇಡ, ಯಾರೋ ಕೆಳಗೆ ಕಸ ಸುಟ್ಟರೆ ಆ ಗಂಟೆಯ ಸರಾಸರಿ ಹಾರಿಹೋಗುತ್ತೆ.

ಆಮೇಲೆ ಒಂದನ್ನು ಕೇಂದ್ರಕ್ಕೆ ಸಾಧ್ಯವಾದಷ್ಟು ಹತ್ತಿರ, ರಸ್ತೆಯಿಂದ ಹೆಚ್ಚುಕಮ್ಮಿ ಅಷ್ಟೇ ದೂರ, ಅಷ್ಟೇ ಎತ್ತರದಲ್ಲಿ, ಪರಿಚಯದ ಯಾರದಾದರೂ ಮನೆಯಲ್ಲಿ ಇಡಿ. ಕನಿಷ್ಠ ಎರಡು ವಾರ; ಒಣ ಗಂಟೆ, ತೇವದ ಗಂಟೆ ಎರಡೂ ಬರಬೇಕು. ಕೇಂದ್ರದ ಗಂಟೆಯ ಅಂಕಿಯನ್ನು ಎದುರಿಗಿಟ್ಟು ಮೇಲಿನ 0.524ರ ಮಾದರಿಯ ಸೂತ್ರಕ್ಕೆ ನಿಮ್ಮದೇ ಮೂರು ಗುಣಾಂಕ ಹುಡುಕಿ, ಸ್ಪ್ರೆಡ್‌ಶೀಟೇ ಮಾಡುತ್ತೆ. ಮೊದಲ ಹತ್ತು ದಿನದ ಡೇಟಾದಲ್ಲಿ ಕಟ್ಟಿ, ಉಳಿದ ದಿನಗಳ ಮೇಲೆ ಪರೀಕ್ಷಿಸಿ. ಸಮಯ ನೋಡಿಕೊಳ್ಳಿ: ನಿಮ್ಮ ಡೇಟಾ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ), ಕೇಂದ್ರದ್ದು ಸ್ಥಳೀಯ ಸಮಯದಲ್ಲಿ ಇರಬಹುದು. ಎಷ್ಟೋ ಸಲ ಸೆನ್ಸರ್ ಕೆಟ್ಟಿದೆ ಅಂದುಕೊಂಡದ್ದು ಬರೀ ಗಡಿಯಾರದ ಅಂತರ ಆಗಿರುತ್ತೆ.

ಆ ಒಂದನ್ನು ಅಲ್ಲಿಂದ ತೆಗೆಯಬೇಡಿ. ಋತು ಬದಲಾದಂತೆ ಕಣಗಳ ಸ್ವಭಾವ ಬದಲಾಗುತ್ತೆ, ಗುಣಾಂಕಗಳೂ ಜರುಗುತ್ತವೆ. ಪಿಎಂ10 (10 ಮೈಕ್ರಾನ್‌ವರೆಗಿನ ಕಣ) ಕಾಲಂ ಪ್ರಕಟಿಸದಿದ್ದರೇ ಒಳ್ಳೆಯದು. ದಪ್ಪ ಧೂಳನ್ನು ಈ ಸೆನ್ಸರ್ ಸರಿಯಾಗಿ ಹಿಡಿಯುವುದಿಲ್ಲ.

ಡಬ್ಲ್ಯುಎಚ್‌ಒ 2021ರ ಮಾರ್ಗಸೂಚಿಯಲ್ಲಿ ಪಿಎಂ2.5ಕ್ಕೆ 15 ಅನ್ನುವುದು 24 ಗಂಟೆಯ ಸರಾಸರಿ, 5 ಅನ್ನುವುದು ವರ್ಷದ್ದು. ನಿಮ್ಮ 145 ಸೆಕೆಂಡಿನ ಒಂದು ರೀಡಿಂಗನ್ನು ಅದಕ್ಕೆ ಹೋಲಿಸಿ ಪೋಸ್ಟರ್ ಮಾಡಬೇಡಿ.

ಡೆಸಿಬೆಲ್:

ಶಬ್ದಕ್ಕೆ ಐಎನ್‌ಎಂಪಿ441ರಂಥ ಡಿಜಿಟಲ್ ಮೈಕ್ ಮತ್ತು ಇಎಸ್‌ಪಿ32 ಬೋರ್ಡ್ ಸಾಕು, ಇಎಸ್‌ಪಿ8266ರ ಮೇಲೆ ಈ ಭಾರ ಹೇರಬೇಡಿ. ಧೂಳಿನ ಪೆಟ್ಟಿಗೆಯಲ್ಲೇ ಹಾಕಬೇಡಿ, ಫ್ಯಾನ್ ಸದ್ದನ್ನೇ ಅಳೆಯುತ್ತೀರಿ. ಮೈಕಿಗೆ ಸ್ಪಂಜಿನ ಗಾಳಿತಡೆ ಬೇಕೇಬೇಕು.

ಎಲ್ಲರೂ ಎಡವುವುದು ಸರಾಸರಿಯಲ್ಲಿ. ಒಂದು ನಿಮಿಷ 60, ಮುಂದಿನ ನಿಮಿಷ 70 ಡೆಸಿಬೆಲ್ ಇದ್ದರೆ ಸರಾಸರಿ 65 ಅಲ್ಲ. ಎರಡನ್ನೂ ಶಕ್ತಿಗೆ ಬದಲಿಸಿ, ಸರಾಸರಿ ತೆಗೆದು, ಮತ್ತೆ ಲಾಗರಿದಮ್ ಹಾಕಬೇಕು: 67.4 ಬರುತ್ತೆ. ಧ್ವನಿಯನ್ನು ರೆಕಾರ್ಡ್ ಮಾಡಿ ಇಡಬೇಡಿ. ಬೋರ್ಡಿನಲ್ಲೇ ಎ-ತೂಕದ (ಮನುಷ್ಯರ ಕಿವಿಗೆ ಕೇಳುವ ರೀತಿಗೆ ಹೊಂದಿಸಿದ) ಮಟ್ಟ ಲೆಕ್ಕ ಹಾಕಿ ಅಂಕಿ ಮಾತ್ರ ಕಳಿಸಿ. ಜನರ ಮಾತು ಸರ್ವರಿಗೆ ಹೋಗುತ್ತೆ ಅಂತ ಗೊತ್ತಾದರೆ ಕಿಟಕಿಯಲ್ಲಿ ಪೆಟ್ಟಿಗೆ ಇಡಲು ಯಾರೂ ಒಪ್ಪಲ್ಲ, ಒಪ್ಪಲೂಬಾರದು.