ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ವ್ಯಾಕರಣ: ಈ ವಾರದ ಪ್ರಶ್ನೋತ್ತರ

ಹೊಸಬ: ಮೇಡಂ, ಓದು-ಬರಹ ವಿಭಾಗದಲ್ಲಿ ವ್ಯಾಕರಣದ ಪ್ರಶ್ನೆಗಳು ಎಷ್ಟು? ತಪ್ಪಾದರೆ ಅಂಕ ಕಳೆಯುತ್ತಾರೆಯೇ?

ಬೋಧಕಿ: ಒಟ್ಟು 54 ಪ್ರಶ್ನೆ, 64 ನಿಮಿಷ. ಅದರಲ್ಲಿ ವ್ಯಾಕರಣ, ವಿರಾಮಚಿಹ್ನೆಗಳ ಪಾಲು 11ರಿಂದ 15. ಅಂಕ ಕಳೆಯುವುದಿಲ್ಲ. ಯಾವುದನ್ನೂ ಖಾಲಿ ಬಿಡಬೇಡಿ.

ಹುಡುಗನ ತಾಯಿ: ನಮಸ್ಕಾರ ಮೇಡಂ. ಎರಡು ಪೂರ್ಣ ವಾಕ್ಯಗಳ ನಡುವೆ ಅರ್ಧವಿರಾಮ ಎಂಬುದನ್ನು ಮಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಆದರೂ ‘ದ ಡೈವರ್ ಕೇಮ್ ಅಪ್ ___ ಹಿಸ್ ಹ್ಯಾಂಡ್ಸ್ ಎಂಪ್ಟಿ’ ಎಂಬಲ್ಲಿ ಅರ್ಧವಿರಾಮವನ್ನೇ ಆರಿಸಿದ. ಸರಿಯುತ್ತರ ಅಲ್ಪವಿರಾಮವಂತೆ. ಎರಡು ವಾರದಿಂದ ಇದೇ ಬಗೆಯ ತಪ್ಪು.

ಬೋಧಕಿ: ‘ಹಿಸ್ ಹ್ಯಾಂಡ್ಸ್ ಎಂಪ್ಟಿ’ ಎಂದರೇನು ಎಂದು ಕನ್ನಡದಲ್ಲಿ ಕೇಳಿ. ಅವನು ಹೇಳಿದ್ದನ್ನು ತಿದ್ದದೆ ಇಲ್ಲಿ ಬರೆಯಿರಿ.

ಸದಾ ಉಪಯುಕ್ತ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಅನುಕೂಲವಾಗಲಿ. ‘ನಾಲ್ಕರಲ್ಲಿ ಅತಿ ಚಿಕ್ಕ ಉತ್ತರವೇ ಸರಿ. ಬೀಯಿಂಗ್ ಇದ್ದರೆ ಖಂಡಿತ ತಪ್ಪು. ಓದುವಾಗ ಉಸಿರು ನಿಂತಲ್ಲಿ ಅಲ್ಪವಿರಾಮ. ಹತ್ತು ಜನರಿಗೆ ಕಳಿಸಿ.’

ಬೋಧಕಿ: ದಯವಿಟ್ಟು ಅಳಿಸಿ.

ಹುಡುಗನ ತಾಯಿ: ‘ಅವನ ಕೈ ಖಾಲಿ’ ಎಂದ, ಮೇಡಂ. ‘ವಾಕ್ಯ ಮುಗಿಯಿತಲ್ಲ, ಇನ್ನೇನು ಬೇಕು?’ ಎಂದು ನನ್ನನ್ನೇ ಕೇಳಿದ.

ಬೋಧಕಿ: ಸಿಕ್ಕಿತು! ಹುಡುಗನಿಗೆ ನಿಯಮ ಗೊತ್ತಿದೆ, ಕಿವಿ ಕನ್ನಡದ್ದು. ‘ಅವನ ಕೈ ಖಾಲಿ’, ‘ಇವಳು ನನ್ನ ತಂಗಿ’ ಇವೆಲ್ಲ ನಮ್ಮಲ್ಲಿ ಕ್ರಿಯಾಪದವಿಲ್ಲದೆಯೇ ಮುಗಿದ ವಾಕ್ಯಗಳು. ಇಂಗ್ಲಿಷ್ ಅಷ್ಟಕ್ಕೆ ಒಪ್ಪುವುದಿಲ್ಲ, ‘ವರ್’ ಎಂಬ ಒಂದು ಪುಟ್ಟ ಕ್ರಿಯಾಪದವನ್ನಾದರೂ ಕೇಳುತ್ತದೆ. ಅದಿಲ್ಲದ ‘ಹಿಸ್ ಹ್ಯಾಂಡ್ಸ್ ಎಂಪ್ಟಿ’ ಬರೀ ಬಾಲ. ಬಾಲವನ್ನು ಅಲ್ಪವಿರಾಮದಿಂದ ಅಂಟಿಸಬೇಕು.

ಗುರುತಿಸುವುದು ಹೀಗೆ: ಘಟನೆಯನ್ನು ನಾಳೆಗೆ ತಳ್ಳಲಿ. ‘ಹಿಸ್ ಹ್ಯಾಂಡ್ಸ್ ವರ್ ಎಂಪ್ಟಿ’ ನಾಳೆಗೆ ‘ವಿಲ್ ಬಿ’ ಆಗುತ್ತದೆ. ಕಾಲಕ್ಕೆ ತಕ್ಕಂತೆ ಬದಲಾಗುವ ಪದ ಸಿಕ್ಕಿತು, ಅಂದರೆ ಪೂರ್ಣ ವಾಕ್ಯ, ಅರ್ಧವಿರಾಮ ಸರಿ; ಅಲ್ಲಿ ಬರೀ ಅಲ್ಪವಿರಾಮ ಹಾಕಿದರೆ ತಪ್ಪು. ಆದರೆ ‘ಎಂಪ್ಟಿ’ ನಿನ್ನೆಗೂ ನಾಳೆಗೂ ಎಂಪ್ಟಿಯೇ. ‘ಹಿಸ್ ಹ್ಯಾಂಡ್ಸ್ ಶೇಕಿಂಗ್’ ಕೂಡ ಬಾಲವೇ. ನಮ್ಮ ‘ನಡುಗುತ್ತಾ’ ಇದ್ದಂತೆ. ಅಷ್ಟು ಹೇಳಿ ನಿಲ್ಲಿಸಿದರೆ ಎದುರಿನವರು ‘ನಡುಗುತ್ತಾ ಏನು?’ ಎಂದು ಕೇಳುತ್ತಾರೆ.

ನನಗೆ ಚಿಂತೆಯಾದದ್ದು ಆ ಎರಡು ವಾರ. ಸರಿಯುತ್ತರ ನೋಡಿ, ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಾನೆ. ಇವತ್ತು ಹತ್ತು ವಾಕ್ಯ ಕೊಡಿ. ಉತ್ತರ ಆರಿಸುವುದು ಬೇಡ, ಕಾಲಕ್ಕೆ ಬದಲಾಗುವ ಪದಕ್ಕೆ ಸುತ್ತು ಹಾಕಲಿ, ಅಷ್ಟೇ.

ಎರಡನೇ ಪ್ರಯತ್ನ: ಮೇಡಂ, ಕೋಲನ್ ನಂತರ ಪೂರ್ಣ ವಾಕ್ಯ ಬರಬಹುದೇ?

ರಾತ್ರಿ ಓದುಗ: ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಯೇ?

ಬೋಧಕಿ: ಮೇಲೆ ಇದೆ.

ಸದಾ ಉಪಯುಕ್ತ: ಒಳ್ಳೆಯ ಉದ್ದೇಶದಿಂದ ಹಾಕಿದ್ದನ್ನು ಅಳಿಸಿ ಎಂದರೆ ಹೇಗೆ? ನಮ್ಮ ಅಣ್ಣನ ಮಗ ಇದರಿಂದಲೇ ಒಳ್ಳೆಯ ಅಂಕ ಪಡೆದ.

ಬೋಧಕಿ: ಮೆಟ್ಟಿಲು ಹತ್ತಿ ಬಂದು ಓದಿದವರಿಗೆ ಅಲ್ಪವಿರಾಮ ಹೆಚ್ಚು ಬೇಕೇ? ಕರ್ತೃಪದಕ್ಕೂ ಅದರ ಕ್ರಿಯಾಪದಕ್ಕೂ ನಡುವೆ ಒಂಟಿ ಅಲ್ಪವಿರಾಮ ಬರಬಾರದು. ಉದ್ದನೆಯ ಕರ್ತೃಪದ ಮುಗಿದಾಗಲೇ ಉಸಿರು ನಿಲ್ಲುತ್ತದೆ, ಬಲೆ ಹಾಸಿರುವುದೂ ಅಲ್ಲೇ. ಚಿಕ್ಕ ಉತ್ತರದ ಮಾತೂ ಅಷ್ಟೇ: ‘ವರ್’ ತೆಗೆದರೆ ವಾಕ್ಯ ಚಿಕ್ಕದಾಗುತ್ತದೆ, ಅರ್ಧವಿರಾಮದ ಮುಂದೆ ಕುಂಟುತ್ತದೆ. ನಿಮ್ಮ ಅಣ್ಣನ ಮಗ ಚೆನ್ನಾಗಿ ಓದಿರಬೇಕು.

ನಿವೃತ್ತ ಉಪನ್ಯಾಸಕ: ನನ್ನದೂ ಒಂದು ಮಾತು. ‘ದ ಟೀಮ್ ಆರ್’ ಎಂಬುದನ್ನು ತಪ್ಪೆಂದು ಈಗಿನ ಮಕ್ಕಳಿಗೆ ಕಲಿಸುತ್ತಿದ್ದಾರೆ. ಅದು ಶುದ್ಧ ಇಂಗ್ಲಿಷ್.

ರಾತ್ರಿ ಓದುಗ: ಸರ್, ಪರೀಕ್ಷೆ ನಡೆಸುವವರು ಅಮೆರಿಕದವರು. ಅಲ್ಲಿ ಟೀಮ್ ಏಕವಚನ.

ನಿವೃತ್ತ ಉಪನ್ಯಾಸಕ: ಮೂವತ್ತು ವರ್ಷ ಪಾಠ ಮಾಡಿದವನಿಗೆ ಏಕವಚನ ಹೇಳಿಕೊಡುವ ಕಾಲ ಬಂದಿತು.

ರಾತ್ರಿ ಓದುಗ: ನಾನು ಹೇಳಿದ್ದು ಟೀಮಿನ ಏಕವಚನ. ನಿಮ್ಮನ್ನು ಬಹುವಚನದಲ್ಲೇ ಕರೆದಿದ್ದೇನೆ.

ಸದಾ ಉಪಯುಕ್ತ: ಹಿರಿಯರ ಬಳಿ ಹೀಗೆ ಮಾತನಾಡಬಾರದು.

ರಾತ್ರಿ ಓದುಗ: ನೀವು ಮೊದಲು ಆ ಫಾರ್ವರ್ಡ್ ಅಳಿಸಿ.

ಬೋಧಕಿ: ಬ್ರಿಟನ್ನಿನಲ್ಲಿ ಎರಡೂ ನಡೆಯುತ್ತದೆ ಸರ್. ಈ ಪರೀಕ್ಷೆಯಲ್ಲಿ ‘ಈಸ್’ ಗುರುತಿಸಬೇಕು. ಇನ್ನು ಸಾಕು.

ನಿವೃತ್ತ ಉಪನ್ಯಾಸಕ: ಸಾಕು ಎನ್ನುವ ಅಧಿಕಾರ ನಿಮಗೆ ಯಾರು ಕೊಟ್ಟರು?

ಎರಡನೇ ಪ್ರಯತ್ನ: ಕೋಲನ್ ವಿಷಯ ಕೇಳಿದ್ದೆ.

ಹುಡುಗನ ತಾಯಿ: ಹತ್ತರಲ್ಲಿ ಏಳು ಸರಿ ಮೇಡಂ. ತಪ್ಪಾದ ಮೂರರಲ್ಲೂ ‘ಇಂಗ್’ ಹತ್ತಿದ ಪದಕ್ಕೇ ಸುತ್ತು ಹಾಕಿದ್ದಾನೆ.

ಬೋಧಕಿ: ಆ ಮೂರನ್ನೂ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಬೇರೆ ಯಾರೂ ನಡುವೆ ಬಾಯಿ ಹಾಕಬೇಡಿ.

ಎರಡನೇ ಪ್ರಯತ್ನ: ಮೇಡಂ, ಕೋಲನ್?