ಗಿಡದ ಕಸದಿಂದಲೇ ಹೈಡ್ರೋಪೋನಿಕ್ಸ್‌ಗೆ ಗೊಬ್ಬರದ ನೀರು: ಮಾಡಿದವರು ತಿಳಿಸುತ್ತೀರಾ?

ನಮ್ಮದು ಹುಬ್ಬಳ್ಳಿ. ಮಾಳಿಗೆ ಮೇಲೆ ಮಣ್ಣಿಲ್ಲದೆ, ಪೈಪಿನಲ್ಲಿ ಗೊಬ್ಬರದ ನೀರು ಹರಿಸಿ ಪಾಲಕ, ಲೆಟ್ಯೂಸ್ ಬೆಳೆಯುತ್ತೇನೆ. ಗೊಬ್ಬರದ ಪುಡಿಗೆ ಖರ್ಚು ಜಾಸ್ತಿ. ಕಟಾವಾದ ಮೇಲೆ ಉಳಿಯುವ ಬೇರು, ದಂಟು, ಹಣ್ಣೆಲೆ ನೆನೆಹಾಕಿ ಆ ನೀರನ್ನೇ ಟ್ಯಾಂಕಿಗೆ ಹಾಕಿದರೆ ನಡೆಯುತ್ತದಾ?

ಧಾರವಾಡದಿಂದ:
ಅಕ್ಕಾರೆ, ನೇರವಾಗಿ ಮಾತ್ರ ಹಾಕಬೇಡಿ. ಒಣಗಿಸಿ ಚೂರು ಮಾಡಿದ ದಂಟನ್ನು ರಾತ್ರಿ ನೆನೆಸಿದರೆ ಪೊಟ್ಯಾಷ್ ಸುಲಭವಾಗಿ ನೀರಿಗೆ ಇಳಿಯುತ್ತದೆ. ಸಾರಜನಕದ ಕಥೆ ಬೇರೆ. ಅದರ ದೊಡ್ಡ ಪಾಲು ಪ್ರೋಟೀನಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬ್ಯಾಕ್ಟೀರಿಯಾ ಅದನ್ನು ಬಿಡಿಸಿ ಮೊದಲು ಅಮೋನಿಯಾ, ಆಮೇಲೆ ಗಿಡ ಸುಲಭವಾಗಿ ಹೀರುವ ನೈಟ್ರೇಟ್ ಮಾಡಬೇಕು. ಮಣ್ಣಿನಲ್ಲಿ ಈ ಕೆಲಸ ತಾನಾಗಿ ಆಗುತ್ತದೆ, ಪೈಪಿನಲ್ಲಿ ಅಷ್ಟು ಸಲೀಸಲ್ಲ. ಜೊತೆಗೆ ದಂಟಿನ ಸಕ್ಕರೆಯೂ ನೀರಿಗೆ ಬಂದಿರುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಬೇರಿನ ಪಾಲಿನ ಆಮ್ಲಜನಕವನ್ನೂ ಮುಗಿಸಿಬಿಡುತ್ತವೆ. ಬೇರು ಕಂದಾಗಿ ಲೋಳೆ ಕಟ್ಟುವುದು ಆವಾಗಲೇ.

ನಾನು ಬೇರೆ ಬಕೆಟ್ಟಿನಲ್ಲಿ ಆ ನೀರಿಗೆ ಒಂದು ಹಿಡಿ ಚೆನ್ನಾಗಿ ಕಳಿತ ಎರೆಗೊಬ್ಬರ ಹಾಕಿ, ಮೀನಿನ ತೊಟ್ಟಿಯ ಏರ್ ಪಂಪನ್ನು ಹಗಲೂ ರಾತ್ರಿ ಓಡಿಸುತ್ತೇನೆ. ಮೊದಮೊದಲು ನೊರೆ ಏಳುತ್ತದೆ, ಹುಳಿ ವಾಸನೆ ಇರುತ್ತದೆ. ಬರಬರುತ್ತ ನೊರೆ ಇಳಿದು ನೀರು ಚಹಾದ ಬಣ್ಣಕ್ಕೆ ನಿಲ್ಲುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಆದರೆ ಮೂಗೊಂದನ್ನೇ ನಂಬಬೇಡಿ. ಅಕ್ವೇರಿಯಂ ಅಂಗಡಿಯಲ್ಲಿ ಪರೀಕ್ಷೆ ಕಿಟ್ ಸಿಗುತ್ತದೆ. ಅಮೋನಿಯಾ ಇಳಿದು ನೈಟ್ರೇಟ್ ಏರಿದ ಮೇಲೆ ಬಟ್ಟೆಯಲ್ಲಿ ಸೋಸಿ ಬಳಸಿ. ಕರೆಂಟ್ ಹೋಗಿ ಪಂಪ್ ತಾಸುಗಟ್ಟಲೆ ನಿಂತರೆ ನೀರು ಮತ್ತೆ ನಾರುತ್ತದೆ, ಇದ್ದ ನೈಟ್ರೇಟೂ ಅನಿಲವಾಗಿ ಹೋಗುತ್ತದೆ. ಇನ್ವರ್ಟರಿಗೆ ಜೋಡಿಸಿಬಿಡಿ.

ಪುಡಿ ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ನಾಸಾದವರು 1990ರ ದಶಕದಲ್ಲಿ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಗೋಧಿ, ಆಲೂಗಡ್ಡೆ ಗಿಡಗಳ ತಿನ್ನಲು ಬಾರದ ಭಾಗದಿಂದ ಹೀಗೇ ಪೋಷಕಾಂಶ ತೆಗೆದು ಮತ್ತೆ ಬೆಳೆ ಬೆಳೆದರು. ಕಡಿಮೆ ಬಿದ್ದದ್ದನ್ನು ಅವರೂ ಹೊರಗಿನಿಂದ ತುಂಬಿದರು. ಕೊಯ್ದು ತಿಂದ ಸೊಪ್ಪಿನ ಜೊತೆ ಹೋದದ್ದು ಕಸದಲ್ಲಿ ಎಲ್ಲಿಂದ ಬರಬೇಕು, ಅಲ್ವಾ?

ಹಾವೇರಿಯಿಂದ:
ಮನೆಯ ಕಸ ಸಾಲದೆ ಹೊಲದಿಂದ ತರುವುದಾದರೆ ಕೇಳಿ ತನ್ನಿ. ಗೋವಿನಜೋಳಕ್ಕೆ ಅಟ್ರಾಜಿನ್ ಕಳೆನಾಶಕ ಹೊಡೆಯುವುದು ನಮ್ಮಲ್ಲಿ ಸಾಮಾನ್ಯ. ಅದರ ಅಂಶ ಉಳಿದಿದ್ದರೆ ನಿಮ್ಮ ಸೊಪ್ಪು ಸುಡುತ್ತದೆ. ಹತ್ತಿ ಕಟ್ಟಿಗೆ ಎಷ್ಟು ನೆನೆಸಿದರೂ ಬೇಗ ಕೊಳೆಯುವುದಿಲ್ಲ. ಸೊರಗು ರೋಗ ಬಂದ ಮೆಣಸಿನಗಿಡ ಬೇಡವೇ ಬೇಡ, ಸುತ್ತುವ ನೀರು ರೋಗವನ್ನು ಬೇರಿಂದ ಬೇರಿಗೆ ದಾಟಿಸುತ್ತದೆ. ಬಾಳೆದಿಂಡು ಒಳ್ಳೆಯದು: ಮೆತ್ತಗೆ, ಪೊಟ್ಯಾಷ್ ಜಾಸ್ತಿ.

ಗದಗಿನಿಂದ:
ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಬೋರ್ ನೀರು ಗಡಸು. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) 7 ದಾಟಿದರೆ ಕಬ್ಬಿಣ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಮಳೆನೀರು ಬೆರೆಸಿ, 5.5ರಿಂದ 6.5ರೊಳಗೆ ಇಡಿ. ಚಿಲೇಟೆಡ್ ಕಬ್ಬಿಣ, ಅಂದರೆ ನೀರಿನಲ್ಲಿ ಕರಗಿಯೇ ಉಳಿಯುವಂಥದ್ದು, ಬೇರೆ ಕೊಡಿ. ಇಸಿ ಮೀಟರ್ ಒಟ್ಟು ಲವಣ ಎಷ್ಟು ಅಂತ ತೋರಿಸುತ್ತದೆ, ಯಾವುದು ಅಂತ ಅಲ್ಲ. ಹಾಗಾಗಿ ಹೊಸ ನೀರನ್ನು ಮೊದಲು ಒಂದೇ ಪೈಪಿಗೆ ಬಿಟ್ಟು ನೋಡಿ.